ಓದುಗರ ಪ್ರಶ್ನೆ: ಶಾಲೆಗೆ ಆಪ್ತ ಸಮಾಲೋಚಕರು ಬೇಕೆಂದು ಕೇಳುವುದು ತಪ್ಪೇ?

ಪ್ರಶ್ನೆ: ನಾನು ನಮ್ಮೂರಿನ ಸರ್ಕಾರಿ ಪ್ರೌಢಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ಶಾಲೆಯಲ್ಲಿ ಸುಮಾರು 180 ಮಕ್ಕಳಿದ್ದಾರೆ. ಪರೀಕ್ಷೆ ಹತ್ತಿರವಾದಂತೆ ಕೆಲವರು ಊಟ ಬಿಡುತ್ತಾರೆ, ಕೆಲವರು ಶಾಲೆಗೇ ಬರುವುದಿಲ್ಲ. ಆಪ್ತ ಸಮಾಲೋಚಕರು ಬೇಕೆಂದು ಸಭೆಯಲ್ಲಿ ಹೇಳಿದಾಗ ‘ನಮ್ಮ ಮಕ್ಕಳಿಗೇನು ಹುಚ್ಚೇ?’ ಎಂದು ಪೋಷಕರು ನಕ್ಕರು. ನೀತಿಪಾಠವೇ ಸಾಕೆಂದು ಮುಖ್ಯ ಶಿಕ್ಷಕರು ಅಭಿಪ್ರಾಯಪಟ್ಟರು. ನನ್ನ ಬೇಡಿಕೆ ತಪ್ಪೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ತಪ್ಪಲ್ಲ, ಅದಕ್ಕೆ ಸರ್ವೋಚ್ಚ ನ್ಯಾಯಾಲಯದ ಬೆಂಬಲವೂ ಇದೆ. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ 2025ರ ಜುಲೈ 25ರಂದು ನ್ಯಾಯಾಲಯ ಹೊರಡಿಸಿದ ಮಾರ್ಗಸೂಚಿಯಂತೆ, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯು, ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಒಬ್ಬ ಸಮಾಲೋಚಕರನ್ನೋ ಮನಃಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ಹೊಂದಿರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಅಧಿಕೃತ ಸಂಪರ್ಕ ಇಟ್ಟುಕೊಳ್ಳಬೇಕು. ನಿಮ್ಮ ಶಾಲೆ ಮೊದಲನೆಯ ಗುಂಪಿಗೆ ಸೇರುತ್ತದೆ.

ನಕ್ಕ ಪೋಷಕರ ಮೇಲೆ ಕೋಪ ಬೇಡ. ಆಸ್ಪತ್ರೆಯ ಮನೋರೋಗ ವಿಭಾಗವೊಂದನ್ನೇ ಕಂಡವರಿಗೆ ಹಾಗನ್ನಿಸುವುದು ಸಹಜ. ಕಲಿಕೆಯ ತೊಡಕನ್ನು ಗುರುತಿಸುವುದು, ಗೈರುಹಾಜರಿಯ ಹಿಂದಿನ ಕಾರಣ ಹುಡುಕುವುದು, ಶಿಕ್ಷಕರಿಗೂ ಮನೆಯವರಿಗೂ ದಾರಿ ತೋರಿಸುವುದು, ಅಗತ್ಯವಿದ್ದರೆ ವೈದ್ಯರ ಬಳಿಗೆ ಕಳುಹಿಸುವುದು ಶಾಲಾ ಮನಃಶಾಸ್ತ್ರಜ್ಞರ ನಿತ್ಯದ ಕೆಲಸವೆಂದು ವಿವರಿಸಿ.

ನೀತಿಪಾಠದ ವಿಷಯದಲ್ಲಿ ಮಾತ್ರ ಮುಖ್ಯ ಶಿಕ್ಷಕರೊಂದಿಗೆ ನನಗೆ ಭಿನ್ನಾಭಿಪ್ರಾಯವಿದೆ. ‘ಸಿಟ್ಟು ಮಾಡಬಾರದು’ ಎಂಬುದು ನೀತಿ. ಸಿಟ್ಟು ಏರುತ್ತಿರುವುದನ್ನು ತಾನೇ ಗಮನಿಸಿ, ಅದನ್ನು ಬಾಯಿಬಿಟ್ಟು ಹೇಳಿ, ಜಗಳವಿಲ್ಲದೆ ಬಗೆಹರಿಸಿಕೊಳ್ಳುವುದು ಅಭ್ಯಾಸದಿಂದ ಬರುವ ಕೌಶಲ. ಸಾಮಾಜಿಕ ಮತ್ತು ಭಾವನಾತ್ಮಕ ಕಲಿಕೆಯೆಂದರೆ ಇದೇ. ಬೆಂಗಳೂರಿನ ನಿಮ್ಹಾನ್ಸ್ ಹದಿಹರೆಯದವರಿಗಾಗಿ ರೂಪಿಸಿದ ಜೀವನ ಕೌಶಲ ಶಿಕ್ಷಣವನ್ನು ತರಗತಿಯಲ್ಲಿ ಚಟುವಟಿಕೆ, ಚರ್ಚೆಗಳ ಮೂಲಕ ನಡೆಸುವವರು ತರಬೇತಿ ಪಡೆದ ಶಿಕ್ಷಕರೇ. ಈ ಕಲಿಕೆ ಎಲ್ಲ ಮಕ್ಕಳಿಗೆ; ಸಮಾಲೋಚನೆಯಾದರೋ ಅಗತ್ಯವಿರುವವರಿಗೆ. ಒಂದಿದೆಯೆಂದು ಇನ್ನೊಂದನ್ನು ಕೈಬಿಡುವಂತಿಲ್ಲ.

ಮುಂದಿನ ಸಭೆಯಲ್ಲಿ ಠರಾವು ಮಾಡಿಸಿ, ತೀರ್ಪಿನ ಪ್ರತಿಯೊಂದಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮತ್ತು ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು) ಕಚೇರಿಗಳಿಗೆ ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ಯಾರೋ ಒಬ್ಬ ಶಿಕ್ಷಕರಿಗೆ ಸಮಾಲೋಚಕರ ‘ಪ್ರಭಾರ’ ವಹಿಸಿ ಕೈತೊಳೆದುಕೊಳ್ಳುವ ಸಾಧ್ಯತೆಯಿರುವುದರಿಂದ ಅರ್ಹತೆಯ ಮಾತು ಠರಾವಿನಲ್ಲೇ ಇರಲಿ. ಅಂಕ ಕೊಡುವವರ ಮುಂದೆ ಮಗು ಮನಸ್ಸು ಬಿಚ್ಚುವುದು ಕಷ್ಟ. ನೇಮಕವಾಗುವವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416 ಅನ್ನು ಸೂಚನಾ ಫಲಕದಲ್ಲಿ ದೊಡ್ಡದಾಗಿ ಬರೆಸಿ. ಕನ್ನಡದಲ್ಲೂ ಮಾತನಾಡಬಹುದು. ಊಟ ಬಿಟ್ಟಿರುವ ಮಕ್ಕಳನ್ನಂತೂ ಠರಾವಿಗಾಗಿ ಕಾಯದೆ ಸಮೀಪದ ಸರ್ಕಾರಿ ಆಸ್ಪತ್ರೆಗೆ ಮನೆಯವರೊಂದಿಗೆ ಕಳುಹಿಸಿ.

ಪ್ರಶ್ನೆ: ಮಗ ಶಾಲೆಯ ಸಮಾಲೋಚಕರಿಗೆ ಹೇಳಿದ್ದನ್ನೆಲ್ಲ ಅವರು ನಮಗೆ ತಿಳಿಸಬೇಕಲ್ಲವೇ?
– ಪೋಷಕರು, ಬೆಂಗಳೂರು

ಉತ್ತರ: ಎಲ್ಲವನ್ನೂ ಅಲ್ಲ. ಮಗನಿಗಾಗಲಿ ಬೇರೆಯವರಿಗಾಗಲಿ ಅಪಾಯವಿದ್ದರೆ ತಿಳಿಸಬೇಕು; ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. ಉಳಿದಂತೆ, ಮನೆಯಲ್ಲಿ ಏನು ಬದಲಾದರೆ ಅನುಕೂಲವೆಂದು ಸಮಾಲೋಚಕರನ್ನು ಕೇಳಿ. ಮಗ ಏನೆಂದ ಎಂದು ಕೆದಕಿದರೆ ಮುಂದಿನ ಸಲ ಅವನು ಅಲ್ಲಿಯೂ ಬಾಯಿಬಿಡಲಾರ.