ಒಂದೇ ಸರ್ವಿಸ್, ಎರಡು ಕಾಂಪೊನೆಂಟ್: ಮಾಹಿತಿ ಬೇರೆ ಬೇರೆಯಾಗುವುದೇಕೆ?

ವೆಬ್ ಅಪ್ಲಿಕೇಶನ್ ಕಟ್ಟುವ ಫ್ರೇಮ್‌ವರ್ಕ್ ಆದ ಆಂಗ್ಯುಲರ್‌ನಲ್ಲಿ ಒಂದೇ ಸರ್ವಿಸನ್ನು (ಮಾಹಿತಿಯನ್ನು ಇಟ್ಟುಕೊಂಡು ಒದಗಿಸುವ ಕ್ಲಾಸನ್ನು) ಎರಡು ಕಾಂಪೊನೆಂಟ್‌ಗಳಿಗೆ (ಪರದೆಯ ಭಾಗಗಳಿಗೆ) ಕೊಟ್ಟಿದ್ದರೂ ಒಂದರಲ್ಲಿ ಬದಲಿಸಿದ್ದು ಇನ್ನೊಂದರಲ್ಲಿ ಕಾಣುವುದಿಲ್ಲ, ಹಾಗಿರುವಾಗ ಕಾಂಪೊನೆಂಟ್‌ನೊಳಗೇ ‘ನ್ಯೂ’ ಬಳಸಿ ಸರ್ವಿಸನ್ನು ಸೃಷ್ಟಿಸಿಕೊಂಡರೆ ಆಗದೇ ಎಂದು ಕೇಳಿದ್ದೀರಿ.

ಶಿವಮೊಗ್ಗದ ಅಡಿಕೆ ಮಂಡಿಯೊಂದಕ್ಕೆ ಅಪ್ಲಿಕೇಶನ್ ಬರೆಯುವಾಗ ನನಗೂ ಇದೇ ತೊಡಕು ಎದುರಾಗಿತ್ತು. ಒಂದು ಪರದೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆಯ ಬಗೆಗಳ ಆ ದಿನದ ಕ್ವಿಂಟಾಲ್ ಧಾರಣೆಯನ್ನು ನಮೂದಿಸಬೇಕಿತ್ತು; ಪಕ್ಕದ ಪರದೆಯಲ್ಲಿ ಬೆಳೆಗಾರರ ಲೆಕ್ಕದ ಚೀಟಿ ಸಿದ್ಧವಾಗಬೇಕಿತ್ತು. ಗುಮಾಸ್ತರು ರಾಶಿಯ ಧಾರಣೆಯನ್ನು ತಿದ್ದಿದರೂ ಚೀಟಿಯಲ್ಲಿ ಹಳೆಯ ಅಂಕಿಯೇ ಉಳಿಯುತ್ತಿತ್ತು. ಎರಡೂ ಕಾಂಪೊನೆಂಟ್‌ಗಳ ‘ಪ್ರೊವೈಡರ್ಸ್’ ಪಟ್ಟಿಯಲ್ಲಿ (ಯಾವ ಸರ್ವಿಸ್ ಒದಗಿಸಬೇಕೆಂದು ಹೇಳುವ ಪಟ್ಟಿ) ನಾನು ಧಾರಣೆಯ ಸರ್ವಿಸನ್ನು ಸೇರಿಸಿದ್ದೇ ಇದಕ್ಕೆ ಕಾರಣವಾಗಿತ್ತು.

ಕಾಂಪೊನೆಂಟ್ ಒಂದು ಸರ್ವಿಸನ್ನು ಕೇಳಿದಾಗ ಆಂಗ್ಯುಲರ್ ಮೊದಲು ಆ ಕಾಂಪೊನೆಂಟ್‌ನ ಇಂಜೆಕ್ಟರ್‌ನಲ್ಲಿ, ಅಂದರೆ ಸರ್ವಿಸ್‌ಗಳನ್ನು ಸೃಷ್ಟಿಸಿ ಒದಗಿಸುವ ಭಾಗದಲ್ಲಿ, ಹುಡುಕುತ್ತದೆ. ಅಲ್ಲಿ ಇಲ್ಲದಿದ್ದರೆ ಅದರ ಮೇಲಿನ ಕಾಂಪೊನೆಂಟ್‌ಗಳಲ್ಲಿ, ಕೊನೆಗೆ ಇಡೀ ಅಪ್ಲಿಕೇಶನ್‌ಗೆ ಸೇರಿದ ರೂಟ್ ಇಂಜೆಕ್ಟರ್‌ನಲ್ಲಿ ಹುಡುಕುತ್ತದೆ. ಎಲ್ಲಿಯೂ ಸಿಗದಿದ್ದರೆ ‘ನಲ್‌ಇಂಜೆಕ್ಟರ್‌ಎರರ್’ ಬರುತ್ತದೆ. ಕಾಂಪೊನೆಂಟ್‌ನಲ್ಲೇ ಪ್ರೊವೈಡರ್ ಇದ್ದರೆ ಹುಡುಕಾಟ ಅಲ್ಲಿಗೇ ನಿಂತು, ಆ ಕಾಂಪೊನೆಂಟ್‌ಗೆಂದೇ ಸರ್ವಿಸ್‌ನ ಹೊಸ ಪ್ರತಿಯೊಂದು ಹುಟ್ಟುತ್ತದೆ, ಕಾಂಪೊನೆಂಟ್ ಅಳಿದಾಗ ತಾನೂ ಅಳಿಯುತ್ತದೆ. ಆದ್ದರಿಂದ ಎರಡೂ ಕಡೆಯ ‘ಪ್ರೊವೈಡರ್ಸ್’ನಿಂದ ಸರ್ವಿಸನ್ನು ತೆಗೆದು, ಸರ್ವಿಸ್‌ನ ‘ಇಂಜೆಕ್ಟಬಲ್’ ಡೆಕೊರೇಟರ್‌ನಲ್ಲಿ (ಕ್ಲಾಸಿನ ಮೇಲೆ ಬರೆಯುವ ಗುರುತು) ‘ಪ್ರೊವೈಡೆಡ್‌ಇನ್’ಗೆ ‘ರೂಟ್’ ಎಂದು ಕೊಡಿ. 2018ರ 6ನೇ ಆವೃತ್ತಿಯಿಂದ ಈ ಸೌಲಭ್ಯವಿದೆ. ಇಡೀ ಅಪ್ಲಿಕೇಶನ್‌ಗೆ ಆಗ ಒಂದೇ ಪ್ರತಿ ಇರುತ್ತದೆ.

‘ನ್ಯೂ’ ಬಳಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಧಾರಣೆಯ ಸರ್ವಿಸ್‌ಗೆ ಸರ್ವರ್‌ನಿಂದ ಮಾಹಿತಿ ತರುವ ಎಚ್‌ಟಿಟಿಪಿ ಕ್ಲೈಂಟ್ ಬೇಕು. ‘ನ್ಯೂ’ ಎಂದು ಬರೆದ ಪ್ರತಿಯೊಂದು ಕಾಂಪೊನೆಂಟೂ ಅದನ್ನು ತಾನೇ ತಂದುಕೊಡಬೇಕಾಗುತ್ತದೆ. ಪರೀಕ್ಷೆಯ ತೊಂದರೆ ಇನ್ನೂ ದೊಡ್ಡದು. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ಹೋದಾಗ, ಒಂದು ಕ್ಲಾಸಿನ ಬದಲು ಇನ್ನೊಂದನ್ನು ಕೊಡುವ ‘ಯೂಸ್‌ಕ್ಲಾಸ್’ ಮೂಲಕ ನಿಗದಿತ ಧಾರಣೆಗಳನ್ನಷ್ಟೇ ಹಿಂತಿರುಗಿಸುವ ನಕಲಿ ಸರ್ವಿಸನ್ನು ಒದಗಿಸಿ, ಚೀಟಿಯ ಕಾಂಪೊನೆಂಟ್‌ನ ಒಂದು ಸಾಲನ್ನೂ ಮುಟ್ಟದೆ ಅದರ ಲೆಕ್ಕವನ್ನು ಪರೀಕ್ಷಿಸಿದ್ದೇನೆ. ಸರ್ವಿಸ್ ಎಲ್ಲಿಂದ ಬಂತು ಎಂಬುದು ಕಾಂಪೊನೆಂಟ್‌ಗೆ ತಿಳಿಯದಿರುವುದರಿಂದಲೇ ಇದು ಸಾಧ್ಯವಾಯಿತು.

14ನೇ ಆವೃತ್ತಿಯಿಂದ ಕಾಂಪೊನೆಂಟ್‌ಗಳಲ್ಲಿ ಸರ್ವಿಸ್ ಕೇಳಲು ಕನ್‌ಸ್ಟ್ರಕ್ಟರ್‌ನ (ಕ್ಲಾಸ್ ಸೃಷ್ಟಿಯಾಗುವಾಗ ಓಡುವ ಮೆಥಡ್) ಬದಲು ‘ಇಂಜೆಕ್ಟ್’ ಫಂಕ್ಷನ್ ಬಳಸಬಹುದು. ಅದನ್ನು ಕ್ಲಾಸಿನ ಫೀಲ್ಡ್‌ಗೆ ಆರಂಭಿಕ ಮೌಲ್ಯ ಕೊಡುವಲ್ಲಿಯೇ ಕರೆಯಿರಿ. ಬಟನ್ ಒತ್ತಿದಾಗ ಓಡುವ ಮೆಥಡ್‌ನೊಳಗೆ ನೇರವಾಗಿ ಕರೆದರೆ ಎನ್‌ಜಿ0203 ಎಂಬ ದೋಷ ಬರುತ್ತದೆ.

ಹಾಗೆಂದು ಕಾಂಪೊನೆಂಟ್ ಮಟ್ಟದ ಪ್ರೊವೈಡರ್ ತಪ್ಪೇನಲ್ಲ. ಒಂದೇ ಪರದೆಯಲ್ಲಿ ಇಬ್ಬರು ಬೆಳೆಗಾರರ ಚೀಟಿಗಳು ತೆರೆದಿರುವಾಗ ಒಬ್ಬರ ತೂಕ ಇನ್ನೊಬ್ಬರ ಚೀಟಿಗೆ ಸೇರಬಾರದು. ಅದಕ್ಕಾಗಿ ಕರಡು ಚೀಟಿಯ ಸರ್ವಿಸನ್ನು ನಾನು ಇಂದಿಗೂ ಚೀಟಿಯ ಕಾಂಪೊನೆಂಟ್‌ನಲ್ಲೇ ಒದಗಿಸುತ್ತೇನೆ.