ಹಿಮ್ಮೇಳದವರ ಹೆಸರೇನು?

ಉಡುಪಿ, ಮಂಗಳೂರು ಸುತ್ತಿನ ಕಛೇರಿ, ಬಯಲಾಟ, ಮದುವೆಗಳಿಗೆ ಬಹುಕಾಲದಿಂದ ಮೈಕ್ ಕಟ್ಟುತ್ತ ಬಂದಿರುವ ಹಿರಿಯರೊಬ್ಬರು ಈ ಸಲ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಕೆಲಸಕ್ಕೆಂದು ಹಾಸನದಿಂದ ಮಂಗಳೂರಿಗೆ ಬಂದಿದ್ದೇನೆ. ಹಾಡು ಕೇಳುವುದೆಂದರೆ ಹುಚ್ಚು. ಆದರೆ ಮೊಬೈಲು ಹಾಕಿದ್ದನ್ನೇ ಮತ್ತೆ ಹಾಕುತ್ತದೆ. ದೊಡ್ಡ ಹೆಸರಿಲ್ಲದಿದ್ದರೂ ಕೇಳಲೇಬೇಕಾದ ಕಲಾವಿದರನ್ನು ಇಲ್ಲಿ ಹುಡುಕುವುದು ಹೇಗೆ?

ಉತ್ತರ: ಆಮಂತ್ರಣ ಪತ್ರಿಕೆಯನ್ನು ಕೆಳಗಿನಿಂದ ಓದಿ. ಮೇಲೆ ದಪ್ಪಕ್ಷರದಲ್ಲಿ ಇರುವವರು ಊರಿಗೆಲ್ಲ ಗೊತ್ತು. ಕೆಳಗೆ ಸಣ್ಣಕ್ಷರದಲ್ಲಿ ಮದ್ದಳೆ, ಚೆಂಡೆ, ಪಿಟೀಲು, ಮೃದಂಗ ಎಂದು ಇರುತ್ತದಲ್ಲ, ನನಗೆ ಮನಸ್ಸು ತುಂಬಿದ ಕಲಾವಿದರಲ್ಲಿ ಹೆಚ್ಚಿನವರು ಆ ಸಾಲುಗಳಲ್ಲಿ ಸಿಕ್ಕವರು. ಒಂದೇ ಹೆಸರು ಬೇರೆ ಬೇರೆ ಮುಖ್ಯ ಕಲಾವಿದರ ಜೊತೆ ಮತ್ತೆ ಮತ್ತೆ ಕಂಡರೆ ಗುರುತು ಹಾಕಿಕೊಳ್ಳಿ. ದೊಡ್ಡವರು ಒಬ್ಬರನ್ನೇ ಪದೇ ಪದೇ ಕರೆಯಬೇಕಾದರೆ ಅದಕ್ಕೆ ಕಾರಣ ಉಂಟು.

ಮತ್ತೆ, ಬೇಗ ಬನ್ನಿ. ಆರು ಗಂಟೆಯ ಕಛೇರಿಗೆ ಐದಕ್ಕೇ ಬಂದು ಕೂತರೆ ನಾನು ಕೇಳುವುದನ್ನು ನೀವೂ ಕೇಳಬಹುದು. ಮದ್ದಳೆಯವರು ಅಂಚಿಗೆ ಸಣ್ಣ ಏಟು ಹಾಕುತ್ತಾರೆ, ಬಲಗೈಯ ಒಂದೇ ಬೆರಳಿನಿಂದ ನುಡಿಸಿ ನೋಡುತ್ತಾರೆ, ಕಿವಿ ಬಗ್ಗಿಸುತ್ತಾರೆ, ಇನ್ನೊಂದು ಮೂಲೆಗೆ ತಟ್ಟುತ್ತಾರೆ. ಮದ್ದಳೆಯ ನಾದ ಶ್ರುತಿಪೆಟ್ಟಿಗೆಯ ನಾದದಲ್ಲಿ ಬೇರೆಯಾಗಿ ಕೇಳದ ಹಾಗೆ ಸೇರುವವರೆಗೆ ಕೆಲವರು ಬಿಡುವುದೇ ಇಲ್ಲ. ಸಂಘಟಕರು ಗಡಿಯಾರ ತೋರಿಸಿದರೂ ತಲೆ ಎತ್ತುವುದಿಲ್ಲ. ಅಂಥವರ ಹೆಸರು ಕೇಳಿ ಬರೆದಿಟ್ಟುಕೊಳ್ಳಿ.

ಯಕ್ಷಗಾನ ಬಯಲಾಟಕ್ಕೂ ಹಾಗೆಯೇ. ಜನ ಊಟ ಮುಗಿಸಿ, ಪ್ರಸಂಗ ಶುರುವಾದ ಮೇಲೆ ಬಂದು ಕೂರುತ್ತಾರೆ. ಕಥೆಗೆ ಮುಂಚಿನ ಪೂರ್ವರಂಗದಲ್ಲಿ ಹೆಚ್ಚಾಗಿ ಹಾಡುವವರು ಇನ್ನೂ ಕಲಿಯುತ್ತಿರುವ ಎಳೆಯರು. ಎದುರಿಗೆ ಖಾಲಿ ಕುರ್ಚಿಗಳು, ಆದರೂ ಸ್ವರ ಬಿಟ್ಟುಕೊಡದೆ ಹಾಡುವ ಹುಡುಗ, ಹುಡುಗಿಯರಿದ್ದಾರೆ. ಹುಡುಗಿಯರೂ ಎಂದು ಇವತ್ತು ಸಲೀಸಾಗಿ ಬರೆಯುತ್ತೇನೆ. ಆ ದಾರಿ ಮಾಡಿಕೊಟ್ಟವರು ಲೀಲಾವತಿ ಬೈಪಾಡಿತ್ತಾಯರು. ಮದುವೆಗೆ ಮುಂಚೆ ಶಾಸ್ತ್ರೀಯ ಸಂಗೀತ ಕಲಿತಿದ್ದರು. ಯಕ್ಷಗಾನದ ಹಾಡುಗಾರಿಕೆ ಕಲಿಸಿದ್ದು ಪತಿ ಹರಿನಾರಾಯಣ ಬೈಪಾಡಿತ್ತಾಯರು, ಅವರು ಚೆಂಡೆ ಮದ್ದಳೆಯವರು. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ವೃತ್ತಿಮೇಳಗಳಲ್ಲಿ ಭಾಗವತಿಕೆ, ಅಂದರೆ ಆಟದ ಮುಖ್ಯ ಹಾಡುಗಾರಿಕೆ, ಮಾಡಿದ ಮೊದಲ ಮಹಿಳೆ. 2024ರಲ್ಲಿ ತೀರಿಕೊಂಡರು. ಘಟ್ಟದ ಮೇಲಿನವರಿಗೆ ಅವರ ಹೆಸರು ಅಷ್ಟಾಗಿ ಗೊತ್ತಿಲ್ಲ ಎಂಬುದು ನನಗೆ ಸಂಕಟದ ವಿಷಯ. ನೀವು ಹಾಸನದವರಲ್ವಾ, ಇವರಿಂದಲೇ ಶುರು ಮಾಡಿ.

ಮನೆಯಲ್ಲಿ ಇರುವಾಗ ಮಂಗಳೂರು ಆಕಾಶವಾಣಿ ಹಾಕಿ. 1976ರಿಂದ ಉಂಟು. ಸ್ಥಳೀಯ ಕಲಾವಿದರ ಕಛೇರಿ ಬಂದಾಗ ಪಕ್ಕವಾದ್ಯದವರ ಹೆಸರನ್ನೂ ಸ್ಪಷ್ಟವಾಗಿ ಹೇಳುತ್ತಾರೆ. ಕೊಂಕಣಿ ಹಾಡು ಬೇಕಾದರೆ ಶಕ್ತಿನಗರದ ಕಲಾಂಗಣಕ್ಕೆ ಹೋಗಿ, ಕೊಂಕಣಿ ಸಂಘಟನೆ ಮಾಂಡ್ ಸೊಭಾಣ್‌ನವರ ತಿಂಗಳ ವೇದಿಕೆ ಅಲ್ಲಿಯದು. ಭಾಷೆ ಬರದಿದ್ದರೂ ಪರವಾಗಿಲ್ಲ.

ಪ್ರಶ್ನೆ: ಕದ್ರಿ ಗೋಪಾಲನಾಥರು ಹೋದ ಮೇಲೆ ನಮ್ಮ ಕಡೆ ಸ್ಯಾಕ್ಸೋಫೋನಿನಲ್ಲಿ ಕೇಳುವಂಥದ್ದು ಏನಾದರೂ ಉಳಿದಿದೆಯೆ? (ಪುತ್ತೂರಿನಿಂದ)

ಉತ್ತರ: ಬೇಕಾದಷ್ಟು ಉಂಟು, ನಾವು ಅದರ ಎದುರಿಗೇ ಮಾತಾಡುತ್ತ ಕೂತಿರುತ್ತೇವೆ. ಗೋಪಾಲನಾಥರು ನಾಗಸ್ವರದ ಮನೆಯಲ್ಲಿ ಹುಟ್ಟಿದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದಕ್ಕೇ ಮನಸ್ಸು ಕೊಟ್ಟರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಬಂತು, 2019ರಲ್ಲಿ ನಮ್ಮನ್ನು ಬಿಟ್ಟು ಹೋದರು. ಅವರನ್ನು ಕೇಳಿ ವಾದ್ಯ ಹಿಡಿದವರು ಇವತ್ತು ನಮ್ಮ ರಥೋತ್ಸವಗಳಲ್ಲಿ, ಮದುವೆ ಹಾಲ್‌ಗಳಲ್ಲಿ ಇದ್ದಾರೆ.

ಧಾರೆಯ ಹೊತ್ತಿಗೆ ಅವರಿಂದ ಏನೂ ನಿರೀಕ್ಷಿಸಬೇಡಿ. ಪುರೋಹಿತರು ಕೈ ಎತ್ತಿದಾಗ ಗಟ್ಟಿಮೇಳ, ಇಳಿಸಿದಾಗ ಮೌನ. ಮೊದಲ ಪಂಕ್ತಿ ಊಟಕ್ಕೆ ಕೂತ ಮೇಲೆ ಮಂಟಪದ ಹತ್ತಿರ ಬನ್ನಿ. ಆಗ ಅವರು ತಮಗಾಗಿ ನುಡಿಸಿಕೊಳ್ಳುತ್ತಾರೆ. ತೋಡಿ ರಾಗ ನುಡಿಸುತ್ತೀರಾ ಎಂದು ಕೇಳಿ. ತೋಡಿಯ ಗಾಂಧಾರ, ಅಂದರೆ ಸರಿಗಮದ ಗ, ಒಂದು ಕಡೆ ನಿಲ್ಲುವ ಸ್ವರವಲ್ಲ, ತೂಗಬೇಕು. ಈ ವಾದ್ಯದಲ್ಲಿ ಕೀಲಿ ಒತ್ತಿದರೆ ಸ್ವರ ಕಡ್ಡಿ ಮುರಿದ ಹಾಗೆ ನೇರ ಬರುತ್ತದೆ. ತೂಗಿಸುವ ಕೆಲಸವೆಲ್ಲ ತುಟಿ ಮತ್ತು ಉಸಿರಿನದು. ಗಾಂಧಾರ ತೂಗಿತು ಎಂದರೆ ವರ್ಷಗಟ್ಟಲೆ ಸಾಧನೆ ಮಾಡಿದವರು ಎಂದು ತಿಳಿಯಿರಿ.

ನನ್ನ ಕಸುಬಿನವರಿಗೂ ಒಂದು ಮಾತು. ದಯವಿಟ್ಟು ಮೈಕನ್ನು ವಾದ್ಯದ ಬಾಯಿಗೆ ತುರುಕಬೇಡಿ. ಮಂದ್ರದ ಸ್ವರ ಅರಚುತ್ತದೆ, ಉಳಿದದ್ದು ಸತ್ತುಹೋಗುತ್ತದೆ. ಗೇಣು ದೂರ ಇಟ್ಟು ವಾದ್ಯದ ನಡುವಿಗೆ ತಿರುಗಿಸಿ. ಎಷ್ಟೋ ಒಳ್ಳೆಯ ವಾದಕರು ಕೆಟ್ಟ ಮೈಕಿನಿಂದ ಸಾಧಾರಣ ಎನಿಸಿಕೊಂಡಿದ್ದಾರೆ.

ಪ್ರಶ್ನೆ: ಹೊರಗಿನವರಿಗೆ ಗೊತ್ತಿದ್ದು ನಮಗೇ ಗೊತ್ತಿಲ್ಲದ ಹಾಡುಗಾರರು ಯಾರಾದರೂ ಇದ್ದಾರೆಯೇ? (ಕಾರ್ಕಳದಿಂದ)

ಉತ್ತರ: ಬೆಳ್ತಂಗಡಿ ಕಡೆಯ ಮಾಚಾರು ಗೋಪಾಲ ನಾಯ್ಕರು. ಬೇಸಾಯಗಾರರು. ತುಳುವಿನ ಉದ್ದನೆಯ ಕಥನಹಾಡಾದ ಸಿರಿ ಪಾಡ್ದನವನ್ನು 1990ರ ಡಿಸೆಂಬರಿನಲ್ಲಿ ದಿನಗಟ್ಟಲೆ ಹಾಡಿದರು, ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ ಅದನ್ನು ದಾಖಲಿಸಿದರು. 1998ರಲ್ಲಿ ಅಚ್ಚಾದಾಗ 15,683 ಸಾಲು! ಕಾಗದ ನೋಡದೆ, ಒಬ್ಬರ ಕಂಠದಿಂದ.

ಪ್ರಶ್ನೆ: ನಮ್ಮ ಹಿರಿಯರು ಹೋಳಿಗೆ ಗುಮಟೆ ಹೊಡೆದು ಹಾಡುತ್ತಾರೆ. ಮೊಬೈಲಿನಲ್ಲಿ ಹಿಡಿದರೆ ಬರೇ ಪಟಪಟ ಸದ್ದು. ಹೀಗಾದರೆ ಬೇರೆಯವರಿಗೆ ಕೇಳಿಸುವುದು ಹೇಗೆ? (ಬಾರ್ಕೂರಿನಿಂದ)

ಉತ್ತರ: ನೀವು ಚರ್ಮದ ಎದುರು ನಿಂತು ಹಿಡಿದಿರಬೇಕು. ಗುಮಟೆಯ ಮಡಕೆಗೆ ಎರಡು ಬಾಯಿ. ದೊಡ್ಡದಕ್ಕೆ ಚರ್ಮ, ಸಣ್ಣದು ತೆರೆದೇ ಇರುತ್ತದೆ. ಒಂದು ಕೈ ಚರ್ಮದ ಮೇಲೆ ಆಡುವಾಗ ಇನ್ನೊಂದು ಕೈ ಆ ಸಣ್ಣ ಬಾಯಿಯನ್ನು ಮುಚ್ಚಿ ತೆರೆದು ಮಾಡುತ್ತದೆ. ಗುಂ ಎನ್ನುವ ನಾದ ಏರುವುದು ಇಳಿಯುವುದು ಅಲ್ಲಿ. ಆದ್ದರಿಂದ ಪಕ್ಕಕ್ಕೆ ಬಂದು, ಸಣ್ಣ ಬಾಯಿಯ ಕಡೆ ವಾಲಿ, ಎರಡು ಮಾರು ದೂರದಿಂದ ಹಿಡಿಯಿರಿ. ಅಂಗಳದ ನಡುವೆ ಬೇಡ, ಜಗಲಿಯಲ್ಲಿ ಕೂರಿಸಿ, ಗಾಳಿ ಬಡಿಯುವುದಿಲ್ಲ. ಹಾಡು ಮುಗಿದ ಕೂಡಲೇ ಮೊಬೈಲು ಆಫ್ ಮಾಡಬೇಡಿ. ಹಾಡಿದವರು, ಗುಮಟೆಯವರು, ತಾಳದವರು, ಒಬ್ಬೊಬ್ಬರೂ ತಮ್ಮ ಬಾಯಲ್ಲೇ ಹೆಸರು, ಊರು, ಯಾರಿಂದ ಕಲಿತದ್ದು ಎಂದು ಹೇಳಲಿ. ಒಂದು ಪ್ರತಿಯನ್ನು ಉಡುಪಿ ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರಕ್ಕೆ ಕೊಡಲು ಕೇಳಿ ನೋಡಿ. ಬರುವ ಹೋಳಿಯ ತನಕ ಕಾಯುವುದೇಕೆ, ಹಿರಿಯರಿಗೆ ಸ್ವರ ಇರುವಾಗಲೇ ಒಂದು ಸಂಜೆ ಕೂರಿಸಿ.