ಮಳೆಯಲ್ಲಿ ಚಕಮಕಿ ಕೋವಿ: ಮದ್ದು ಒದ್ದೆಯಾಗದಂತೆ ಕಾಯುವುದು ಹೇಗೆ?

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯವನು, ಈಗ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ್ದೇನೆ. ಇಲ್ಲಿ ಕ್ರಿಸ್‌ಮಸ್ ಕಳೆದ ಮೇಲೆ ಚಕಮಕಿ ಕೋವಿಯಿಂದ (ಕಲ್ಲು ಉಕ್ಕಿನ ಮುಚ್ಚಳಕ್ಕೆ ಬಡಿದ ಕಿಡಿಗೆ ನಳಿಗೆಯ ಪಕ್ಕದ ಪುಟ್ಟ ಬಟ್ಟಲಿನ ಮದ್ದು ಹೊತ್ತಿ, ಆ ಬೆಂಕಿ ನಳಿಗೆಯ ಒಳಮದ್ದಿಗೆ ದಾಟಿ ಗುಂಡು ಹಾರುವ ಹಳೆಯ ಬಗೆಯ ಕೋವಿ) ಜಿಂಕೆ ಬೇಟೆಯಾಡಲು ಅನುಮತಿಯಿದ್ದು, ಪರವಾನಗಿ ಪಡೆದು ಹೋಗುತ್ತೇನೆ. ಕಳೆದ ಋತುವಿನಲ್ಲಿ ಜಿನುಗು ಮಳೆಯ ದಿನ ಒಮ್ಮೆ ಕಲ್ಲು ಕಿಡಿ ಹಾರಿಸಿದರೂ ಬಟ್ಟಲಿನ ಮದ್ದು ಹೊತ್ತಲಿಲ್ಲ. ಇನ್ನೊಮ್ಮೆ ಬಟ್ಟಲಿನಲ್ಲಿ ಭುಗ್ಗೆಂದು ಉರಿದರೂ ಗುಂಡು ಹಾರಲಿಲ್ಲ. ನಳಿಗೆಯ ಬಾಯಿಗೆ ಟೇಪ್ ಅಂಟಿಸಿದ್ದೆ. ಮತ್ತೇನು ಮಾಡಬೇಕಿತ್ತು?

ಉತ್ತರ: ನೀವು ಹೇಳಿರುವ ಎರಡು ವೈಫಲ್ಯಗಳ ಮೂಲ ಬೇರೆ ಬೇರೆ. ಮೊದಲನೆಯದು ಮಳೆಯದು. ಎರಡನೆಯದು ಬಹುಪಾಲು ಹಿಂದಿನ ರಾತ್ರಿ ಮನೆಯೊಳಗೇ ಹುಟ್ಟಿದ್ದು ಎಂಬುದು ನನ್ನ ಅಭಿಪ್ರಾಯ.

ಮೊದಲು ಬಟ್ಟಲಿನ ಮಾತು. ಕರಿಮದ್ದಿನಲ್ಲಿ ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ ಇರುವುದು ವಾಡಿಕೆ. ಬಟ್ಟಲಿಗೆ ಹಾಕುವ ಮದ್ದಿನ ಕಾಳು ತೀರ ಸಣ್ಣದಾಗಿರುವುದರಿಂದ ಅದು ತೇವವನ್ನು ಬೇಗ ಹಿಡಿಯುತ್ತದೆ. ಮಳೆಹನಿ ನೇರವಾಗಿ ಬಟ್ಟಲಿಗೆ ಬೀಳುವುದು ಅಪರೂಪ, ಏಕೆಂದರೆ ಉಕ್ಕಿನ ಮುಚ್ಚಳ ಅದನ್ನು ತಡೆಯುತ್ತದೆ. ನೀರು ಬರುವ ದಾರಿಯೇ ಬೇರೆ. ನಳಿಗೆಯ ಮೇಲೆ ಬಿದ್ದ ಹನಿ ಅದರ ಪಕ್ಕದಿಂದ ಇಳಿದು, ನಳಿಗೆಗೂ ಬಟ್ಟಲಿಗೂ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ನಿಂತು, ಅಲ್ಲಿಂದ ಮೆಲ್ಲಗೆ ಒಳಕ್ಕೆ ಜಿನುಗುತ್ತದೆ. ಖಾಲಿ ಕೋವಿಯ ಮುಚ್ಚಳ ಮುಚ್ಚಿ ದೀಪದ ಎದುರಿಗೆ ಹಿಡಿದು ನೋಡಿ. ಎಲ್ಲಿ ಬೆಳಕಿನ ಗೆರೆ ಕಾಣುತ್ತದೆಯೋ ಅಲ್ಲಿಂದಲೇ ನೀರೂ ಒಳಹೋಗುತ್ತದೆ. ಜೇನುಮೇಣ ಮತ್ತು ಪ್ರಾಣಿಕೊಬ್ಬನ್ನು ಕರಗಿಸಿ ಬೆರೆಸಿದ ಮಿಶ್ರಣವನ್ನು ಆ ಸಂದಿಗೂ ಬಟ್ಟಲಿನ ಅಂಚಿನ ಹೊರಸುತ್ತಿಗೂ ಬೆರಳಿನಿಂದ ಒತ್ತಿ ತುಂಬಬೇಕು. ಮೇಣ ಬಟ್ಟಲಿನ ಒಳಕ್ಕೆ ಮಾತ್ರ ಸೋಕಬಾರದು. ಇದರ ಮೇಲೆ ಮೇಣ ಹಚ್ಚಿದ ತೊಗಲಿನ ಹೊದಿಕೆಯನ್ನು ಚಕಮಕಿಯ ಭಾಗಕ್ಕೆಲ್ಲ ಕಟ್ಟಿ, ಗುಂಡು ಹಾರಿಸುವ ಗಳಿಗೆಯಲ್ಲಿ ಒಂದೇ ಎಳೆತಕ್ಕೆ ಕಳಚುವಂತೆ ಇಟ್ಟುಕೊಳ್ಳುವುದು ಹಳೆಯ ಬೇಟೆಗಾರರ ಕ್ರಮ, ಅದಕ್ಕಿಂತ ಒಳ್ಳೆಯದು ಇಂದಿಗೂ ಬಂದಿಲ್ಲ.

ಇಷ್ಟು ಮಾಡಿದರೂ ಬಟ್ಟಲಿನ ಮದ್ದನ್ನು ನಂಬಿ ಕೂರುವಂತಿಲ್ಲ. ಜಿನುಗು ಮಳೆಯಲ್ಲಿ ಅರ್ಧ ಗಂಟೆಗೊಮ್ಮೆ, ಮಂಜು ದಟ್ಟವಾಗಿದ್ದರೆ ಅದಕ್ಕೂ ಮೊದಲೇ, ಹಳೆಯ ಮದ್ದನ್ನು ಚೆಲ್ಲಿ, ಬಟ್ಟಲು, ಕಲ್ಲು ಮತ್ತು ಮುಚ್ಚಳದ ಉಕ್ಕಿನ ಮುಖವನ್ನು ಒಣಬಟ್ಟೆಯಿಂದ ಒರೆಸಿ ಹೊಸದನ್ನು ಹಾಕಬೇಕು. ಹೆಬ್ಬೆರಳಿನಿಂದ ಒರೆಸುವ ಅಭ್ಯಾಸ ಬೇಡ, ಚರ್ಮದ ಜಿಡ್ಡು ಮೆತ್ತಿದ ಉಕ್ಕಿನಿಂದ ಕಿಡಿ ಸರಿಯಾಗಿ ಹಾರುವುದಿಲ್ಲ. ಒಣಬಟ್ಟೆ ಒಳಜೇಬಿನಲ್ಲಿರಲಿ.

ಇನ್ನು ಬಟ್ಟಲು ಉರಿದೂ ಗುಂಡು ಹಾರದ ವಿಚಾರ. ಬೆಂಕಿ ಒಳಮದ್ದನ್ನು ತಲುಪಲಿಲ್ಲ, ಅಥವಾ ತಲುಪಿದರೂ ಆ ಮದ್ದು ಹೊತ್ತುವ ಸ್ಥಿತಿಯಲ್ಲಿರಲಿಲ್ಲ. ನಳಿಗೆಯ ಬಾಯಿಗೆ ಟೇಪ್ ಇದ್ದುದರಿಂದ ಮಳೆ ಆ ಕಡೆಯಿಂದ ಬಂದಿರಲಾರದು. ನನ್ನ ಅನುಮಾನ ಎಣ್ಣೆಯ ಮೇಲೆ. ತೊಳೆದು ಎಣ್ಣೆ ಸವರಿ ನಿಲ್ಲಿಸಿದ ಕೋವಿಯಲ್ಲಿ ಎಣ್ಣೆ ಇಳಿದು ತಳದಲ್ಲಿ, ಬಟ್ಟಲಿನ ಬೆಂಕಿ ನಳಿಗೆಯೊಳಗೆ ಹೋಗುವ ಕಿಡಿರಂಧ್ರದ ಹತ್ತಿರ ಶೇಖರವಾಗುತ್ತದೆ, ಬೆಳಿಗ್ಗೆ ಅದರ ಮೇಲೆಯೇ ಮದ್ದು ಸುರಿದರೆ ಮಳೆಯಿಲ್ಲದ ದಿನವೂ ಕೋವಿ ಕೈಕೊಡುತ್ತದೆ. ಆದ್ದರಿಂದ ಮದ್ದು ತುಂಬುವ ಮುನ್ನ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯ ತುಂಡನ್ನೂ, ಅನಂತರ ಒಣ ತುಂಡುಗಳನ್ನೂ ಕಲೆ ಕಾಣದಷ್ಟು ಸಲ ತಳದವರೆಗೆ ಓಡಿಸಿ, ಕಿಡಿರಂಧ್ರವನ್ನು ತೆಳು ತಂತಿಯಿಂದ ಬಿಡಿಸಿಕೊಳ್ಳಿ.

ಎರಡನೆಯ ಅನುಮಾನ ಬಿಸಿಮನೆಯ ಮೇಲೆ. ಜನವರಿಯ ಚಳಿಯಲ್ಲಿ ತಣ್ಣಗಾದ ಕೋವಿಯನ್ನು ಊಟಕ್ಕೆಂದು ಹೀಟರ್ ಇರುವ ಕೋಣೆಗೋ ಕಾರಿಗೋ ತಂದರೆ ನಳಿಗೆಯ ಹೊರಗೂ ಒಳಗೂ ನೀರು ಬೆವರುತ್ತದೆ, ಒಳಗಿನ ಬೆವರು ಕಣ್ಣಿಗೆ ಬೀಳುವುದಿಲ್ಲ. ಬಟ್ಟಲಿನ ಮದ್ದನ್ನು ಪೂರ್ತಿ ತೆಗೆದು, ಕೋವಿಯನ್ನು ಬೀಗ ಹಾಕಿದ ತಣ್ಣನೆಯ ಜಾಗದಲ್ಲಿಯೇ ಬಿಡಿ. ಒಳಗೆ ಮದ್ದು ಗುಂಡು ಇರುವವರೆಗೂ ಅದನ್ನು ತುಂಬಿದ ಕೋವಿಯೆಂದೇ ತಿಳಿದು ನಡೆದುಕೊಳ್ಳಬೇಕು. ಸಂಜೆ ಅನುಮತಿಯಿರುವ ಜಾಗದಲ್ಲಿ ಹಾರಿಸಿ ಖಾಲಿ ಮಾಡಿ, ಮರುದಿನ ಹೊಸದಾಗಿ ತುಂಬುವುದು ಲೇಸು.

ನಳಿಗೆಯ ಬಾಯಿಗೆ ಟೇಪ್ ಒಂದೇ ಪದರ ಸಾಕು. ಗುಂಡಿನ ಮುಂದೆ ನುಗ್ಗುವ ಗಾಳಿಯೇ ಅದನ್ನು ಕಿತ್ತೊಗೆಯುತ್ತದೆ. ಮರದ ಅಥವಾ ಬಿರಡೆಯ ತುಂಡನ್ನು ಮಾತ್ರ ಎಂದೂ ತುರುಕಬೇಡಿ, ತೆಗೆಯಲು ಮರೆತರೆ ನಳಿಗೆ ಸಿಡಿಯುವ ಅಪಾಯವಿದೆ. ಟ್ರಿಗರ್ ಎಳೆದರೂ ಹಾರದಿದ್ದಾಗ ಕನಿಷ್ಠ ಒಂದು ನಿಮಿಷ ಕೋವಿಯ ಬಾಯಿಯನ್ನು ಯಾರೂ ಇಲ್ಲದ ದಿಕ್ಕಿಗೇ ಹಿಡಿದಿರಿ. ಮದ್ದು ಒಳಗೆ ಕನಲುತ್ತಿದ್ದು ತಡವಾಗಿ ಹೊತ್ತುವುದುಂಟು.

ಕೊನೆಗೆ, ಜೋರು ಮಳೆಯಲ್ಲಿ ಬೇಟೆಯನ್ನೇ ಬಿಡಿ ಎಂದು ಒತ್ತಿ ಹೇಳುತ್ತೇನೆ. ಒದ್ದೆ ಮದ್ದಿನ ಅರೆಬರೆ ಈಡಿಗೆ ಗಾಯಗೊಂಡ ಜಿಂಕೆ ಓಡಿಹೋದರೆ ಅದರ ನೆತ್ತರ ಜಾಡನ್ನು ಮಳೆ ನಿಮಿಷಗಳಲ್ಲಿ ತೊಳೆದುಬಿಡುತ್ತದೆ, ಆ ಪ್ರಾಣಿ ಎಲ್ಲೋ ನರಳಿ ಸಾಯುತ್ತದೆ.

ಪ್ರಶ್ನೆ: ಮಡಿಕೇರಿ ಹತ್ತಿರದ ನಮ್ಮ ಮನೆಯಲ್ಲಿ ಹಿರಿಯರ ಕಾಲದ ಕೇಪಿನ ಕೋವಿ, ಅಂದರೆ ಕಲ್ಲಿನ ಬದಲು ಬಡಿದರೆ ಸಿಡಿಯುವ ಪುಟ್ಟ ಲೋಹದ ಟೋಪಿಯಿಂದ (ಕೇಪು) ಮದ್ದು ಹೊತ್ತಿಸುವ ಕೋವಿಯಿದೆ. ಕೈಲ್‌ಪೊಳ್ದ್ ಎಂಬ ಕೊಡವರ ಆಯುಧಪೂಜೆಯ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವಾಗ ಮಳೆಯಿದ್ದರೆ ಒಮ್ಮೊಮ್ಮೆ ಹಾರುವುದಿಲ್ಲ. ಇದಕ್ಕೂ ಇಷ್ಟೆಲ್ಲ ಬೇಕೇ?

ಉತ್ತರ: ಅಷ್ಟು ಬೇಕಿಲ್ಲ. 1834ರಲ್ಲಿ ಬ್ರಿಟಿಷ್ ಸೇನೆ ಎರಡೂ ಬಗೆಯ ಕೋವಿಗಳಿಂದ ಆರಾರು ಸಾವಿರ ಈಡು ಹಾರಿಸಿ ನೋಡಿದಾಗ ಚಕಮಕಿ ಕೋವಿ 922 ಸಲ ಕೈಕೊಟ್ಟರೆ ಕೇಪಿನ ಕೋವಿ ಕೈಕೊಟ್ಟದ್ದು 36 ಸಲ ಮಾತ್ರ. 1841ರ ಮೇ ತಿಂಗಳ ಕೊನೆಯಲ್ಲಿ ಚೀನಾದ ಕ್ಯಾಂಟನ್ ಬಳಿ ಗುಡುಗುಮಳೆಗೆ ಸಿಕ್ಕಿ ಗುಂಪಿನಿಂದ ಬೇರ್ಪಟ್ಟ 37ನೇ ಮದ್ರಾಸ್ ಪದಾತಿದಳದ ಸಿಪಾಯಿಗಳ ಚಕಮಕಿ ಕೋವಿಗಳು ನಿರುಪಯುಕ್ತವಾಗಿ, ಅವರು ಬಯೊನೆಟ್ ಹಿಡಿದು ನಿಲ್ಲಬೇಕಾಯಿತು. ಅವರನ್ನು ಹುಡುಕಿ ಪಾರು ಮಾಡಿದ ನೌಕಾದಳದ ಸೈನಿಕರ ಕೈಯಲ್ಲಿದ್ದದ್ದು ಕೇಪಿನ ಕೋವಿಗಳು.

ನಿಮ್ಮ ಕೋವಿಯ ತೊಂದರೆ ಬಹುಶಃ ಕೇಪು ಕೂರುವ ಮೊಳೆಯ ರಂಧ್ರದಲ್ಲಿದೆ. ಮದ್ದು ತುಂಬುವ ಮೊದಲು ಖಾಲಿ ಕೋವಿಗೆ ಒಂದು ಕೇಪು ಇಟ್ಟು, ಬಾಯಿಯನ್ನು ಒಣಗಿದ ಎಲೆಯೊಂದರ ಹತ್ತಿರ ಹಿಡಿದು ಹೊಡೆಯಿರಿ. ಎಲೆ ಹಾರಿದರೆ ದಾರಿ ತೆರೆದಿದೆ, ಕದಲದಿದ್ದರೆ ರಂಧ್ರ ಕಟ್ಟಿದೆ. ಕೇಪು ಕೂರಿಸಿದ ಮೇಲೆ ಅದರ ಬುಡದ ಸುತ್ತ ತುಸು ಜೇನುಮೇಣ ಒತ್ತಿ. ಹಬ್ಬ ಮುಗಿದ ದಿನವೇ ಬಿಸಿನೀರಿನಿಂದ ತೊಳೆದು ಒಣಗಿಸಿ ಎಣ್ಣೆ ಸವರಬೇಕು, ಉರಿದ ಮದ್ದಿನ ಕಿಟ್ಟ ಗಾಳಿಯ ತೇವವನ್ನು ಹೀರಿ ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಸುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಬೇಟೆ ಅಪರಾಧ, ಕೊಡಗಿನ ಕೋವಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳಲು ಬೇಕಾದ ಪರವಾನಗಿಯ ಮಟ್ಟಿಗೆ ಮಾತ್ರ. ಹಾಗಾಗಿ ಮೇಲಿನ ಉತ್ತರದಲ್ಲಿ ಬೇಟೆಯ ಬಗ್ಗೆ ಬರೆದದ್ದು ಪೆನ್ಸಿಲ್ವೇನಿಯಾಕ್ಕೆ ಮಾತ್ರ ಅನ್ವಯಿಸುತ್ತದೆ.